ನೀರಿನ ಮಟ್ಟದ ಕೆಳಗೆ

ಕಾರವಾರಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದೆ.
ಅಲ್ಲಿ ದಡದ ಮೇಲೊಂದು ಯುದ್ಧನೌಕೆ ಇದೆ,
ನನ್ನ ಹಾಗೇ ನಿವೃತ್ತ, ಬಣ್ಣ ಬಳಿಸಿಕೊಂಡು ಕೂತಿದೆ.
ಮಂಡಿ ಒಪ್ಪಲಿಲ್ಲ. ಅಷ್ಟು ದೂರದ ಬಸ್ಸು, ಆಮೇಲೆ ಘಟ್ಟ.
ಕೊನೆಗೆ ಮಂಡ್ಯದಲ್ಲಿ ಪ್ಯಾಸೆಂಜರ್ ಹತ್ತಿ
ಮುಕ್ಕಾಲು ಗಂಟೆಗೆ ಶ್ರೀರಂಗಪಟ್ಟಣ.

"ಹಡಗೆಲ್ಲಿ ತಾತ?" ಅಂದಳು ಸಿಂಚು, ಇಳಿಯುತ್ತಲೇ.
"ಇದೇ," ಅಂದೆ. "ಇದರ ಮೇಲೇ ನಿಂತಿದ್ದೀಯಲ್ಲ."
"ಹಡಗಿನೊಳಗೆ ರೈಲು ಬರುತ್ತಾ?"
ಉತ್ತರ ಹೊಳೆಯಲಿಲ್ಲ. ಪಡುವಣ ಕೋಟೆಗೋಡೆಗೆ ನಡೆಸಿದೆ.

ಅಲ್ಲಿ ಕಾವೇರಿ ಎದುರಿಗೇ ಬಂದು
ಎರಡಾಗಿ ಸೀಳಿ ಎಡಕ್ಕೂ ಬಲಕ್ಕೂ ಹೋಗುತ್ತಾಳೆ.
ನೀರನ್ನೇ ನೋಡುತ್ತ ಸುಮ್ಮನೆ ನಿಂತರೆ
ನೀರು ನಿಲ್ಲುತ್ತದೆ, ಕಲ್ಲು ಸಾಗುತ್ತದೆ.
ಚಿರಂತ ಗಾಳಿಯಲ್ಲಿ ಚುಕ್ಕಾಣಿ ಹಿಡಿದ,
ಕನ್ನಂಬಾಡಿ ಕಡೆಗೆ, ಪೂರ್ತಿ ವೇಗ.

ಪಕ್ಕದಲ್ಲೇ ಸ್ಮಾರಕದ ಕಂಬ.
ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿ
ಹೆಸರುಗಳನ್ನು ಎಡವಿ ಎಡವಿ ಓದಿದಳು.
"ಇವರೆಲ್ಲ ನಮ್ಮೋರಾ?"
"ಅಲ್ಲ. ಕೋಟೆ ಒಡೆಯೋಕೆ ಬಂದು ಸತ್ತೋರು."
"ಒಳಗಿದ್ದು ಸತ್ತೋರ ಹೆಸರೆಲ್ಲಿ?"
ನಾನು ಕಂಬದ ಸುತ್ತ ಒಂದು ಸಲ ಬಂದೆ,
ಗೊತ್ತಿದ್ದೂ, ಹುಡುಕುವವನ ಹಾಗೆ.
ಸೀಬೆಕಾಯಿ ಸೀಳಿ ಖಾರ ಹಚ್ಚುತ್ತಿದ್ದ ಹೆಂಗಸು
ತಲೆ ಎತ್ತದೇ ಅಂದಳು:
"ಹೊಲ ಉತ್ತರೆ ಗುಂಡು ಸಿಕ್ತವೆ ಕಣಪ್ಪ,
ಹೆಸರು ಸಿಕ್ಕಕಿಲ್ಲ. ಇಪ್ಪತ್ತು ರೂಪಾಯಿ ಕೊಡಿ."

ಸೆರೆಮನೆಯ ಮೆಟ್ಟಿಲಿಳಿದರೆ ಬಿಸಿಲು ಮೇಲೇ ಉಳಿಯಿತು.
ಗೋಡೆಯ ಕಲ್ಲುಗಳಲ್ಲಿ ಸರಪಳಿಯ ತೂತುಗಳು.
ಮಕ್ಕಳು ಕಲ್ಲಿಗೆ ಬೆನ್ನು ಕೊಟ್ಟು ತೋಳು ಚಾಚಿದರು,
ಎಟುಕಲಿಲ್ಲ. ಸದ್ಯ, ಎಟುಕಲಿಲ್ಲ.
ಚಾವಣಿ ಒಡೆದು ಬಿತ್ತೆಂದು ಹೇಳುವ ಫಿರಂಗಿ
ಬಿದ್ದಲ್ಲೇ ಬಿದ್ದಿದೆ, ಎತ್ತುವವರಿಲ್ಲದ ಕೋಣದ ಹಾಗೆ.
ಸಿಂಚು ಅದರ ಬಾಯಿಗೆ ಕಿವಿಯಿಟ್ಟಳು, ತುಂಬ ಹೊತ್ತು.
ಏನು ಕೇಳಿಸಿತೆಂದು ನಾನು ಕೇಳಲಿಲ್ಲ,
ಅವಳು ಹೇಳಲಿಲ್ಲ.

"ತಾತ, ಯುದ್ಧದಲ್ಲಿ ನೀನೇನು ನೋಡಿದೆ?"

ಇಪ್ಪತ್ತೊಂದರ ಹುಡುಗ. ಬಾಯ್ಲರ್ ಕೋಣೆ.
ನೀರಿನ ಮಟ್ಟಕ್ಕಿಂತ ಹನ್ನೆರಡಡಿ ಕೆಳಗೆ,
ಕಬ್ಬಿಣದ ಗೋಡೆಯಾಚೆ ಸಮುದ್ರ ಮೈ ಉಜ್ಜುವ ಸದ್ದು.
ಮೇಲೆ ಆಕಾಶ ಕೆಂಪಾಗಿತ್ತಂತೆ.
ದೂರದಲ್ಲೊಂದು ದಡ ಉರಿಯಿತಂತೆ.
ಎಲ್ಲ ಅಂತೆ, ಎಲ್ಲ ಬೇರೆಯವರ ಕಣ್ಣು.
ನನಗೆ ಕಂಡದ್ದು ಗಾಜಿನ ಒಂದು ಬಿಲ್ಲೆ,
ಅದರೊಳಗೆ ನಡುಗುವ ಒಂದು ಮುಳ್ಳು.
ಕೆಂಪು ಗೆರೆ ದಾಟಬಾರದು, ಕೆಳಗೂ ಇಳಿಯಬಾರದು.
ರಾತ್ರಿಯಿಡೀ ಅದನ್ನೇ ನೋಡಿದೆ.
ಬೆವರು ರೆಪ್ಪೆಗಿಳಿದರೂ ಕಣ್ಣು ಒರೆಸಲಿಲ್ಲ.
ಬೆಳಗ್ಗೆ ಮೇಲೆ ಹೋದಾಗ ಯಾರೋ ಜೈ ಅಂದರು, ನಾನೂ ಅಂದೆ.

ಇದನ್ನೆಲ್ಲ ಹೇಳಲಿಲ್ಲ.
"ಒಂದು ಮುಳ್ಳು ನೋಡಿದೆ," ಅಂದೆ.
"ಚುಚ್ಚಿತಾ?" ಎಂದ ಚಿರಂತ.
"ಸ್ವಲ್ಪ."
"ತೆಗೆದ್ರಾ?"
ಫಿರಂಗಿಯ ಮೇಲೊಂದು ಇರುವೆ ಸಾಲು ಹೋಗುತ್ತಿತ್ತು,
ಅದನ್ನು ತೋರಿಸಿ ಮಾತು ಮರೆಸಿದೆ.

ಸಂಜೆಯ ರೈಲಿನಲ್ಲಿ ಮತ್ತೆ ಶುರು:
"ನಿನ್ನ ಹಡಗು ಈಗೆಲ್ಲಿದೆ?"
"ಒಡೆದು ತೂಕಕ್ಕೆ ಮಾರಿದರು, ಮಗಾ.
ಕರಗಿ ಮೊಳೆ, ಗುದ್ದಲಿ, ಬೋಲ್ಟು ಆಗಿರಬೇಕು."
ಚಿರಂತ ಕಿಟಕಿಯ ಸರಳು ಹಿಡಿದ. "ಇದು?"
"ಇರಬಹುದು."
ಉತ್ತರದ ಕವಲಿನ ಸೇತುವೆ ಗಡಗಡ ಗುಡುಗಿತು. "ಇದು?"
"ಇದ್ದರೂ ಇರಬಹುದು."
ಸೀಟಿನ ಕಾಲು, ನೀರಿನ ನಲ್ಲಿ,
ಎದುರು ಕೂತವರ ಮಡಿಲಲ್ಲಿದ್ದ ಟಿಫನ್ ಕ್ಯಾರಿಯರ್.
"ಅದು ನಮ್ಮನೇದು," ಅಂದರು ಅವರು ಗಾಬರಿಯಾಗಿ.

ಯಲಿಯೂರು ಬರುವಷ್ಟರಲ್ಲಿ ಇಬ್ಬರಿಗೂ ನಿದ್ದೆ.
ಕಬ್ಬಿನ ಗದ್ದೆಗಳ ಮೇಲೆ ಕತ್ತಲು ಇಳಿಯುತ್ತಿತ್ತು.
ಸರಳಿಗೆ ನಾನೂ ಕೈಯಿಟ್ಟೆ.
ಹಗಲಿನ ಬಿಸಿಲು ಅದರಲ್ಲಿ ಇನ್ನೂ ಇತ್ತು.