ಕಟ್ಟು

ಥ್ವಾ ಆಸ್ಪತ್ರೆ ಸೇರಿದ ದಿನ
ಅಡುಗೆಮನೆ ನನ್ನ ಪಾಲಿಗೆ ಬಂತು.
ಹೈಫಾಂಗ್ ಬಂದರಿಗೆ ಮಂಜುಗಡ್ಡೆ ಸಾಗಿಸುವ
ಲಾರಿಯವನು ನಾನು.
ಬೆಂಕಿಗೂ ನನಗೂ ಅಷ್ಟಕ್ಕಷ್ಟೆ.

ಮೊದಲ ಸಂಜೆ ಒಂದು ಕಟ್ಟು ಮುವೊಂಗ್ ಸೊಪ್ಪು ತಂದೆ.
ನೀರ ಮೇಲೆ ಹಬ್ಬಿಕೊಂಡು ಬೆಳೆಯುವಂಥದ್ದು,
ದಂಟಿನೊಳಗೆ ಬರೀ ಗಾಳಿ.
ತಣ್ಣೀರಿಗೆ ಹಾಕಿ ಒಲೆ ಹಚ್ಚಿ ಮುಚ್ಚಳ ಮುಚ್ಚಿ
ಟೈರು ನೋಡಲು ಹೊರಗೆ ಹೋದೆ.
ಬಂದು ತೆರೆದರೆ
ಮಳೆಯಲ್ಲಿ ತೊಯ್ದ ರಸೀದಿಗಳ ಬಣ್ಣ.

ಏಳು ವರ್ಷದ ಮೆನ್ ತಟ್ಟೆ ನೋಡಿದಳು,
ಅಳಲಿಲ್ಲ.
ಸ್ಟೂಲು ಎಳೆತಂದು ಒಲೆಯ ಪಕ್ಕಕ್ಕಿಟ್ಟು
ಹತ್ತಿ ನಿಂತಳು.
"ನಾಳೆ ನಾನು ಹೇಳಿದ ಹಾಗೆ ಮಾಡು."

ಅವಳು ಹೇಳಿದ್ದು:
ಉಗುರಿನಿಂದ ಚಿವುಟು.
ಟಪ್ ಅಂದರೆ ನಮಗೆ, ನಾರು ಎಳೆದರೆ ಬಾತುಕೋಳಿಗೆ.
ಮೂರು ನೀರಲ್ಲಿ ತೊಳಿ, ಜಿಗಣೆ ಇರುತ್ತೆ.
(ಇರಲಿಲ್ಲ.)
ಮೊದಲು ನೀರು ಕುಣೀಬೇಕು,
ಆಮೇಲೆ ಉಪ್ಪು, ಆಮೇಲೆ ಸೊಪ್ಪು.
ಮುಚ್ಚಬೇಡ.
ಯಾಕೆ ಮುಚ್ಚಬಾರದು?
"ಅಮ್ಮ ಮುಚ್ಚಲ್ಲ."
ತಿರುವಿ ಹಾಕಿ ಇಪ್ಪತ್ತರವರೆಗೆ ಎಣಿಸು,
ಇನ್ನೊಂದು ಸಲ ಎಣಿಸು, ನಿಧಾನಕ್ಕೆ,
ತೆಗಿ ಅಂದಾಗ ತೆಗಿ.

ತೆಗೆದೆ.
ಕೆರೆಯಲ್ಲಿದ್ದದ್ದಕ್ಕಿಂತ
ಒಂದು ಕೈ ಹೆಚ್ಚೇ ಹಸಿರು.

ಬಸಿದ ನೀರನ್ನು ಚೆಲ್ಲಹೊರಟವನ
ಮಣಿಕಟ್ಟು ಹಿಡಿದಳು ಹುಡುಗಿ.
ಅದಕ್ಕೇ ಎರಡು ಸೌ ಕಾಯಿ ಹಾಕಿ ಕುದಿಸಬೇಕಂತೆ,
ಮೆತ್ತಗಾದ ಮೇಲೆ
ಸೌಟಿನ ಬೆನ್ನಿಂದ ಹಿಚುಕಬೇಕಂತೆ.
ಹುಳಿ ಇಳಿದಂತೆ ಹಸಿರು ನೀರು
ತಿಳಿಹಳದಿಗೆ ತಿರುಗುವುದನ್ನು
ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು.

ತಂದದ್ದು ಒಂದು ಕಟ್ಟು.
ಮೀನಿನ ರಸಕ್ಕೆ ಅದ್ದಲು ತಟ್ಟೆ ತುಂಬ ಸೊಪ್ಪು,
ಅನ್ನದ ಮೇಲೆ ಸುರಿಯಲು ಬಟ್ಟಲು ತುಂಬ
ಮತ್ತೆ ಕಟ್ಟೇ.
ಹತ್ತು ವರ್ಷ ಉಂಡಿದ್ದೇನೆ ಇವೆರಡನ್ನೂ.
ಒಂದೇ ಪಾತ್ರೆಯಿಂದ ಬರುತ್ತವೆಂದು
ಗೊತ್ತಿರಲಿಲ್ಲ.

ಮಾರನೆಯ ದಿನ ಬೆಳ್ಳುಳ್ಳಿ.
ಜಜ್ಜಿದ ಆರು ಎಸಳು,
ಹೊಗೆಯೇಳುವ ತನಕ ಕಾದ ಬಾಣಲೆ,
ಒದ್ದೆ ಸೊಪ್ಪು ಬಿದ್ದದ್ದೇ ಚುಂಯ್ ಎಂದು ಸಿಡಿದು
ನನ್ನ ಎಡಹುಬ್ಬು ಅರ್ಧ ಹೋಯಿತು.
ನಾಲ್ಕು ಸಲ ತಿರುವಿ ಇಳಿಸಿದೆ.
"ಪರವಾಗಿಲ್ಲ" ಅಂದಳು ಮೆನ್,
ಹುಬ್ಬಿಗೋ ಸೊಪ್ಪಿಗೋ ತಿಳಿಯಲಿಲ್ಲ.

ನಾಲ್ಕನೆಯ ದಿನ ಗಂಡು ಮಗು, ಹೊಟ್ಟೆ ಕೊಯ್ದು.
ಫ್ಲಾಸ್ಕಿನಲ್ಲಿ ಬಿಸಿ ಕಟ್ಟು, ಡಬ್ಬಿಯಲ್ಲಿ ಸೊಪ್ಪು,
ಮೂರು ಮಹಡಿ ಹತ್ತಿದೆ.
ಬಾಗಿಲಲ್ಲೇ ಅತ್ತೆ:
"ಮುವೊಂಗಾ? ಹೊಲಿಗೆ ಹಾಕಿದ ಮೈಗೆ?
ಗಾಯ ಹಗ್ಗದ ಹಾಗೆ ಉಬ್ಬುತ್ತೆ! ಹುಳಿ ಬೇರೆ!"
ಡಾಕ್ಟರಮ್ಮ ಕೇಳಿಸಿಕೊಂಡು ನಕ್ಕು ಮುಂದೆ ಹೋದರು.
ಅತ್ತೆ ನಗಲಿಲ್ಲ.

ಥ್ವಾ ಕೈ ಚಾಚಿದಳು, ಕುಡಿಯಲು ಅಲ್ಲ.
ಮುಚ್ಚಳ ತಿರುಗಿಸಿ ಆವಿಗೆ ಮೂಗೊಡ್ಡಿ
ಕಣ್ಣು ಮುಚ್ಚಿ ಅಷ್ಟು ಹೊತ್ತು ಇದ್ದಳು.
ಡಬ್ಬಿ ತೆರೆಸಿದಳು.
"ಹಸಿರಾಗಿಯೇ ಇದೆ" ಅಂದಳು.
ಮಗುವನ್ನು ತೋರಿಸಿದ್ದು
ಅದಾದ ಮೇಲೆ.

ನಾಳೆ ಚಕ್ರಮುನಿ ಸೊಪ್ಪು ಮಾಡು, ಅಂದರು ಅತ್ತೆ.
ಬಾಣಂತಿಗೆ ಅದೇ.
ಕಡ್ಡಿ ಹಿಡಿದು ಕೆಳಗೆ ಜಗ್ಗಿದರೆ ಎಲೆ ತಾನೇ ಕಳಚುತ್ತೆ.
ಚಾಕು ಮುಟ್ಟಿಸಬೇಡ,
ಕೂಸಿನ ಬಟ್ಟೆ ಹಿಂಡುವ ಹಾಗೆ ಅಂಗೈಯಲ್ಲಿ ಕಿವುಚು.
ಕೊಚ್ಚಿದ ಹಂದಿಮಾಂಸ ಕುದಿಯುತ್ತಿರಲಿ,
ಅದರ ಮೇಲೆ ಬಿಡು. ಮುಚ್ಚಳ...
"ಮುಚ್ಚಲ್ಲ" ಅಂದೆ.
ಮದುವೆಯಾದಂದಿನಿಂದ ಮೊದಲ ಸಲ
ಅತ್ತೆ ನನ್ನನ್ನು ಸರಿಯಾಗಿ ನೋಡಿದರು.

ರಾತ್ರಿ, ಬೆನ್ನ ಹಿಂದೆ ಮಂಜುಗಡ್ಡೆ ಸೋರುತ್ತಿರಲು,
ಬಂದರಿನ ಗೇಟಿನ ಸಾಲಿನಲ್ಲಿ ನಿಂತು
ಫ್ಲಾಸ್ಕು ಬರಿದು ಮಾಡಿದೆ.
ಇನ್ನೂ ಬಿಸಿಯಿತ್ತು.
ತಳದಲ್ಲಿ ಸಿಕ್ಕ ಸೌ ಬೀಜವನ್ನು
ಚೀಪಿ, ಒರೆಸಿ, ಜೇಬಿಗೆ ಹಾಕಿದೆ.
ಅದು ಮೆನ್‌ಗೆ ಸೇರಬೇಕಾದ್ದು.
ಬೆಳಿಗ್ಗೆಯೇ ಹೇಳಿಟ್ಟಿದ್ದಾಳೆ.