ಏರಿನಲ್ಲಿ ಮಾತ್ರ

ಬಸ್‌ಸ್ಟಾಂಡಿನಿಂದ ಪೆಟ್ರೋಲ್ ಬಂಕಿನವರೆಗೆ ಏನೂ ತೊಂದರೆಯಿಲ್ಲ.
ಪಾಲಿಬೆಟ್ಟದ ಏರು ಬಂದಾಗಲೇ ಅದಕ್ಕೆ ಯೋಚನೆ.
ಇಂಜಿನ್ನು ಕೂಗುತ್ತದೆ, ಚಕ್ರಕ್ಕೆ ಕೇಳಿಸುವುದಿಲ್ಲ.
ಹಿಂದಿನ ಜೀಪಿನವನು ಹಾರ್ನಿನಿಂದ ಕೈ ತೆಗೆಯುವುದಿಲ್ಲ.
ಒಂದು, ಎರಡು, ಮೂರು, ಎಣಿಸುತ್ತೇನೆ,
ಆಮೇಲೆ ಯಾರೋ ಬೆನ್ನಿಗೆ ಗುದ್ದಿದ ಹಾಗೆ ಮುಂದಕ್ಕೆ.

ಇಷ್ಟನ್ನೂ ಸಿದ್ದಾಪುರದ ಉಮ್ಮರನಿಗೆ ಹೇಳಿದೆ,
ಡಾಕ್ಟರ ಎದುರು ಹೇಳುವ ಹಾಗೆ, ಮೊದಲಿನಿಂದ.
ಅವನು ಬೀಡಿ ಆರಿಸಿ ಕೇಳಿದ:
ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?
ರಿವರ್ಸಿನಲ್ಲೂ ಉಂಟೋ?
ಒಳಗೆ ಎಷ್ಟು ಜನ?
ನಾನು, ಮೂರು ಮೂಟೆ ಕಾಫಿ, ಒಂದು ನಾಯಿ.

ಮನೆಯವರು ಮೊದಲೇ ತೀರ್ಪು ಕೊಟ್ಟಾಗಿತ್ತು.
ಗೇರ್‌ಬಾಕ್ಸ್ ಹೋಯಿತು ಎಂದ ಮೈದುನ ಮುದ್ದಯ್ಯ,
ಜಪಾನಿನದು, ಸಾಮಾನು ಸಿಗದು, ಗುಜರಿಗೆ ಹಾಕು,
ಎಲ್ಲರ ಹಾಗೆ ಕ್ಲಚ್ ಇರುವುದನ್ನು ತೆಗೆದುಕೋ.
ಎಲ್ಲರ ಹಾಗೆ ಎರಡು ಕಾಲು ಕೊಡು, ಎಂದೆ.
ನಾಲ್ಕನೇ ವಯಸ್ಸಿನ ಜ್ವರ ನನ್ನ ಎಡಗಾಲಿನಲ್ಲಿ ಉಳಿಸಿದ್ದು
ಚಪ್ಪಲಿ ಜಾರದಂತೆ ಹಿಡಿಯುವಷ್ಟು ಬಲ.
ಇಪ್ಪತ್ತೆರಡು ವರ್ಷದಿಂದ ಈ ವ್ಯಾನಿನಲ್ಲಿ
ಆ ಕಾಲು ಮಹಾರಾಣಿಯ ಹಾಗೆ ಸುಮ್ಮನೆ ಕೂತಿದೆ.
ಮಕ್ಕಳನ್ನು ಶಾಲೆಗೆ, ಅತ್ತೆಯನ್ನು ಆಸ್ಪತ್ರೆಗೆ,
ಒಮ್ಮೆ ಮದುವಣಗಿತ್ತಿಯನ್ನು, ಒಮ್ಮೆ ಅದೇ ಮದುವೆಯ ಹಂದಿಯನ್ನು.

ಉಮ್ಮರನೇ ಓಡಿಸಿ ನೋಡಿದ.
ಮೊದಲ ತಿರುವಿನಲ್ಲೇ ಅವನ ಎಡಗಾಲು
ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕ್ ತುಳಿಯಿತು.
ನನ್ನ ಹಣೆ ಡ್ಯಾಶ್‌ಬೋರ್ಡಿಗೆ, ನಾಯಿ ನನ್ನ ಮಡಿಲಿಗೆ.
ನಿಮ್ಮ ಕಾಲೇ ವಾಸಿ ಅಕ್ಕ, ಎಂದ.
ಏರಿನಲ್ಲಿ ಕಿವಿ ಕೊಟ್ಟ. ಮಾತಾಡಲಿಲ್ಲ.

ವಾಪಸ್ ಬಂದು, ಇಂಜಿನ್ ಆರಿಸಬೇಡಿ ಎಂದ.
ಸಮ ನೆಲದಲ್ಲಿ ನಿಲ್ಲಿಸಿ ಕಡ್ಡಿ ಎಳೆದ, ಒರೆಸಿದ,
ಮತ್ತೆ ಇಳಿಸಿ ಎಳೆದ. ತುದಿಯಲ್ಲಿ ಒಂದೇ ಹನಿ.
ಮೂಸಿದ, ಬೆರಳ ನಡುವೆ ತಿಕ್ಕಿದ, ಬಿಳಿ ಕಾಗದಕ್ಕೆ ಒತ್ತಿದ.
ಸುಟ್ಟ ವಾಸನೆ ಇಲ್ಲ. ಕಪ್ಪಾಗಿಲ್ಲ. ಪ್ಲೇಟಿಗೆ ಜೀವ ಉಂಟು.
ಎಣ್ಣೆ ಇಲ್ಲ, ಅಷ್ಟೆ. ಲೆವೆಲ್ ನೋಡುವುದು ಯಾರು?

ನಾನೇ. ಪ್ರತಿ ಭಾನುವಾರ ಬೆಳಿಗ್ಗೆ, ಇಂಜಿನ್ ಆರಿಸಿದ್ದಾಗ.
ಯಾವಾಗಲೂ ತುಂಬಿಯೇ ಕಾಣುತ್ತಿತ್ತು.

ಮಲಗಿದಾಗ ಎಣ್ಣೆಯೆಲ್ಲ ಇಳಿದು ಅಡಿಯಲ್ಲಿ ಕೂರುತ್ತದೆ ಅಕ್ಕ.
ಎದ್ದಿರುವಾಗ ಅಳೆಯಬೇಕು.
ಏರಿನಲ್ಲಿ ಇದ್ದ ಸ್ವಲ್ಪವೂ ಹಿಂದಕ್ಕೆ ಸರಿದು
ಪಂಪು ಗಾಳಿ ಕುಡಿಯುತ್ತದೆ.

ಹಾಗಾದರೆ ಎಣ್ಣೆ ಹೋದದ್ದೆಲ್ಲಿಗೆ?
ರೇಡಿಯೇಟರಿನ ಬುಡಕ್ಕೆ ಟಾರ್ಚು ಹಿಡಿದ.
ಪೈಪಿನ ಕೊರಳು ಒದ್ದೆ, ಅಲ್ಲೊಂದು ಕೆಂಪು ಹನಿ,
ಬೀಳಲೋ ಬೇಡವೋ ಎಂದು.
ಶೆಡ್ಡಿನ ನೆಲದಲ್ಲಿ ಕೆಂಪು ಕಲೆ ನೋಡಲಿಲ್ಲವೇ?

ನೋಡಿದ್ದೆ.
ಹುತ್ತರಿ ಕಳೆದ ವಾರವೇ ನೋಡಿದ್ದೆ,
ಕಾಫಿಯಲ್ಲಿ ಕಲ್ಲು ಹೆಕ್ಕಲು ಮುತ್ತಿ ಕೂರುವ ಜಾಗದ ಹತ್ತಿರ.
ಎಲೆಅಡಿಕೆ ಜಗಿಯುವವಳು ಅವಳೊಬ್ಬಳೇ.
ಉಗುಳಲು ಇಡೀ ತೋಟ ಸಾಲದಾ ನಿನಗೆ, ಎಂದಿದ್ದೆ,
ಎಲ್ಲ ಆಳುಗಳ ಎದುರು.
ಅವಳು ವ್ಯಾನಿನ ಅಡಿ ನೋಡಿದಳು, ನನ್ನನ್ನು ನೋಡಿದಳು,
ಬಕೆಟ್ ತಂದು ತೊಳೆದಳು.
ಮರುದಿನ ಕಲೆ ಮತ್ತೆ ಇತ್ತು. ಮತ್ತೆ ತೊಳೆದಳು.
ಅಂದಿನಿಂದ ಮೊರ ಹಿಡಿದು ಹೊರಗೆ ಬಿಸಿಲಲ್ಲೇ ಕೂರುತ್ತಾಳೆ,
ಕಲೆ ಮಾತ್ರ ಒಳಗೆ ನೆರಳಲ್ಲಿ ಬೆಳೆಯಿತು.
ನನಗೆ ಆಗಲೂ ಹೊಳೆಯಲಿಲ್ಲ.

ವಾಷರಿಗೆ ಎಂಬತ್ತು ರೂಪಾಯಿ, ಎಣ್ಣೆ ಮೂರು ಲೀಟರು.
ಪಾಲಿಬೆಟ್ಟದ ಏರನ್ನು ವ್ಯಾನು ಗಮನಿಸಲೇ ಇಲ್ಲ.
ನಾನು ಎಣಿಸುತ್ತಲೇ ಇದ್ದೆ, ಬಕೆಟ್ಟುಗಳನ್ನು.

ಶೆಡ್ಡಿಗೆ ಹೋಗದೆ ಕಣದ ಬದಿಯಲ್ಲಿ ನಿಲ್ಲಿಸಿದೆ.
ಇಂಜಿನ್ ಆರಿಸಲಿಲ್ಲ. ಕುಂಟುತ್ತ ಅವಳವರೆಗೆ ಹೋಗಿ
ಉಮ್ಮರನ ಕಾಗದ ಬಿಚ್ಚಿ ಹಿಡಿದೆ.
ಬಾಯಿಗೆ ಬಂದ ಮಾತು ಅಲ್ಲೇ ಕೂಗಿಕೊಂಡು ನಿಂತಿತು,
ಒಂದು, ಎರಡು, ಮೂರು.

ಮುತ್ತಿ ಕಾಗದ ಮೂಸಲೂ ಇಲ್ಲ.
ಎಲೆರಸ ಒಣಗ್ತದೆ ಅಮ್ಮ, ಎಂದಳು,
ಇದು ಮೂರು ದಿನ ಆದ್ರೂ ಕಾಲಿಗೆ ಜಾರ್ತಿತ್ತು.
ಮೊರ ಕುಟ್ಟಿ ಒಂದು ಕಲ್ಲು ತೆಗೆದು ಬದಿಗಿಟ್ಟಳು.