ಜರಡಿ

ಮುಳಬಾಗಿಲಿನಾಚೆ, ರಾಗಿಹೊಲದ ನಡುವೆ
ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಳ.
ಸಾವಿರ ತೋಳಿನ ದೊರೆ ಮಲಗಿರುವುದು ಇಲ್ಲೇ
ಅಂತಿದ್ದಳು ಪಿಳ್ಳಮ್ಮಜ್ಜಿ. ಕೊಡಲಿಯವನು
ಕಡಿದುಹಾಕಿದ ತೋಳು ಊರೂರಿಗೆ ಹಂಚಿಹೋಗಿ
ನಮ್ಮ ಪಾಲಿಗೆ ಉಳಿದದ್ದು ಮುಂಡ.

ಮೂಡಲ ಚಪ್ಪಡಿಗೆ ದುಂಡನೆಯ ಕಂಡಿ.
ಕಪ್ಪ ಕೇಳಲು ಒಂದು ಮೋಟುಗೈಯಾದರೂ
ಹೊರಗೆ ಬರಬೇಕಲ್ಲ!
ಹುಣಸೆಕಾಯಿ ಒಳಗೆಸೆದು ಓಡುತ್ತಿದ್ದೆವು ನಾವು,
ತೆರಿಗೆ ಕಟ್ಟಿದವರ ಹಾಗೆ.

ಮೈಸೂರಿನಿಂದ ಬಂದವರು ಟೇಪು ಹಿಡಿದರು.
ಆರಡಿ ಉದ್ದ, ನಾಲ್ಕು ಅಗಲ.
ಬರೀ ಮುಂಡಕ್ಕೂ ಸಾಲದು, ನಕ್ಕರು.
ದಿನಗೂಲಿಗೆ ಜರಡಿ ಹಿಡಿದವನು ನಾನು.
ಹನ್ನೊಂದನೆಯ ದಿನ
ಕಪ್ಪು-ಕೆಂಪು ಕುಡಿಕೆ, ತುಕ್ಕು ತಿಂದ ಕುಡುಗೋಲು,
ಆಮೇಲೆ, ಎಲ್ಲ ಮಣ್ಣೂ ಇಳಿದುಹೋದ ಮೇಲೆ,
ಜರಡಿಯಲ್ಲಿ ನಿಂತಿತು
ಅವರೆಕಾಳಿಗಿಂತ ಸಣ್ಣದೊಂದು ಹಾಲುಹಲ್ಲು.

ನಂಬರು ಬರೆದು, ಲಕೋಟೆಗೆ ಹಾಕಿ ಒಯ್ದರು.
ಗುಂಡಿ ಮುಚ್ಚಲು ಇನ್ನೆರಡು ದಿನದ ಕೂಲಿ.

ಅಜ್ಜಿಗೆ ಹೇಳಿದೆ.
ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು.
ತಿಪ್ಪೆಯ ಕಡೆ ಯಾವುದೋ ಕೋಳಿ ಕೂಗಿತು.
"ಅಷ್ಟು ದೊಡ್ಡ ಕಲ್ಲು ಎತ್ತಿ ಮುಚ್ಚೋಕೆ
ಸಾವಿರ ತೋಳಾದರೂ ಬೇಕಿತ್ತಲ್ಲೋ," ಅಂದಳು,
ಮತ್ತೆ ಮೊರಕ್ಕೆ ಬಾಗಿದಳು.